ಅನುಮಾನದ ಮನುಷ್ಯನ ಬಲಗಾಲು

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ನೈರೋಬಿಯ ಗಿಗಿರಿ ಬಡಾವಣೆಯಲ್ಲಿರುವ ಕಚೇರಿ ಆವರಣದ ಕ್ಯಾಂಟೀನಿನಲ್ಲಿ ಕೇಕು ಕತ್ತರಿಸಿದರು, ಹೆಗಲಿಗೆ ಕೆಂಪು ಚೌಕುಳಿಯ ಮಸಾಯಿ ಬಟ್ಟೆ ಹೊದಿಸಿದರು. ಮೇಲಧಿಕಾರಿಗಳು ಒಬ್ಬೊಬ್ಬರಾಗಿ ಎದ್ದು ಅವರ ಶಿಸ್ತು, ಸಮಯಪಾಲನೆ, ಕರ್ತವ್ಯನಿಷ್ಠೆ ಎಂದೆಲ್ಲ ಹೊಗಳಿದರು. ಅವರು ಮುಂದಿನ ಸಾಲಿನಲ್ಲಿ ಕೂತು, ತಮ್ಮ ಬಗ್ಗೆ ಆಡಿದ ಒಂದೊಂದು ಒಳ್ಳೆಯ ಮಾತನ್ನೂ ಕಣ್ಣು ಕಿರಿದು ಮಾಡಿಕೊಂಡು ಕೇಳುತ್ತಿದ್ದರು. ಹೊರಟು ನಿಂತವನಿಂದ ಇವರಿಗೆ ಇನ್ನೇನು ಬೇಕಾಗಿದೆ ಎಂದು ಲೆಕ್ಕ ಹಾಕುತ್ತಿದ್ದಾರೆ ಎಂಬುದು ನನಗೊಬ್ಬಳಿಗೆ ತಿಳಿಯಿತು. ಅವರ ಅತಿ ದೊಡ್ಡ ಗುಣವಾದ ಅನುಮಾನದ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಲಿಲ್ಲ.

ಹೆಸರು ಇಲ್ಲಿ ಬೇಡ. ಹಾಕಿದರೆ, ಯಾಕೆ ಹಾಕಿದಿರಿ ಎಂದು ಕೇಳುತ್ತಾರೆ.

ಅವರು ಮಂಗಳೂರಿನ ಕಡೆಯ ಕ್ಯಾಥೊಲಿಕರು. ನೈರೋಬಿಗೆ ಬಂದು ಕೂದಲು ಹಣ್ಣಾಗುವಷ್ಟು ಕಾಲವಾಗಿತ್ತು. ನಮ್ಮ ಕಚೇರಿಯ ಕಟ್ಟಡಗಳ ಸುರಕ್ಷತೆ ಅವರ ಜವಾಬ್ದಾರಿ: ಬೆಂಕಿ ಬಿದ್ದರೆ ಜನ ಹೊರಗೆ ಹೋಗುವ ಬಾಗಿಲುಗಳು, ಗಂಟೆಗಳು, ನೀರಿನ ಕೊಳವೆಗಳು. ಬಾಗಿಲು ಸರಿಯಿದೆ ಎಂದು ಯಾರಾದರೂ ವರದಿ ಕೊಟ್ಟರೆ ಅವರು ಅದನ್ನು ಪಕ್ಕಕ್ಕಿಟ್ಟು, ‘ಕಾಗದದಲ್ಲಿ ಸರಿ ಇರುದು ನನಗೆ ಬೇಡ ಮಾರಾಯ್ರೇ. ಬಾಗಿಲು ತೆಗೆದು ತೋರಿಸಿ’ ಎನ್ನುತ್ತಿದ್ದರು. ತೆಗೆದು ತೋರಿಸಿದರೂ ಸಾಲದು, ಇನ್ನೊಮ್ಮೆ ತಾವೇ ಹೋಗಿ ಭುಜ ಕೊಟ್ಟು ತಳ್ಳುತ್ತಿದ್ದರು.

ಕಿಲೆಲೆಶ್ವಾ ಬಡಾವಣೆಯಲ್ಲಿ ಅವರ ಮನೆಯೂ ನಮ್ಮದೂ ಒಂದೇ ಕಟ್ಟಡದಲ್ಲಿ. ನಮ್ಮನೆಯ ಗಾಡಿಯನ್ನು ನನ್ನ ಗಂಡ ಒಯ್ಯುತ್ತಿದ್ದುದರಿಂದ ನಾನು ಬೆಳಿಗ್ಗೆ ಅವರ ಗಾಡಿಯಲ್ಲಿ ಕಚೇರಿಗೆ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವರ ಮೊಮ್ಮಗಳು ಇರುತ್ತಿದ್ದಳು. ಮಗಳು ಕೆಲಸಕ್ಕೆ ಬೇಗ ಹೊರಡುತ್ತಿದ್ದುದರಿಂದ ಮಗುವನ್ನು ದಾರಿಯಲ್ಲಿ ಶಾಲೆಗೆ ಬಿಡುವ ಕೆಲಸ ಅಜ್ಜನದು. ಮಗುವಿಗೆ ಬೆಲ್ಟ್ ಹಾಕಿ, ಎಳೆದು ನೋಡಿ, ನನ್ನ ಬೆಲ್ಟನ್ನೂ ಎಳೆದು ನೋಡಿಕೊಳ್ಳಲು ನನಗೆ ಹೇಳಿ, ಆಮೇಲೆ ಗಾಡಿ ಚಾಲೂ ಮಾಡುತ್ತಿದ್ದರು. ಪೆಟ್ರೋಲ್ ಹಾಕಿಸುವಾಗ ಇಳಿದು ಪಂಪಿನ ಎದುರೇ ನಿಲ್ಲುವುದು ಪದ್ಧತಿ. ಅಲ್ಲಿನ ಹುಡುಗಿಗೆ ಇದು ಗೊತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ‘ಸಿಫುರಿ, ಮ್ಜೇ’ ಎಂದು ನಗುತ್ತಾ ಸೊನ್ನೆಯತ್ತ ಬೆರಳು ತೋರಿಸುತ್ತಿದ್ದಳು. ಸಿಫುರಿ ಎಂದರೆ ಸೊನ್ನೆ, ಮ್ಜೇ ಎಂದರೆ ಹಿರಿಯರು. ಮ್ಜೇ ನಗುತ್ತಿರಲಿಲ್ಲ. ಬಗ್ಗಿ ಸೊನ್ನೆಯನ್ನು ನೋಡಿ, ‘ಅಸಾಂಟೆ’ ಎಂದು ಥ್ಯಾಂಕ್ಸ್ ಹೇಳುತ್ತಿದ್ದರು.

ಇಂಥ ಮನುಷ್ಯನಿಗೆ ಸೊಂಟನೋವು ಬಂತು. ಮೊದಲು ಬೆನ್ನ ಹಿಂದೆ ಒಂದು ದಿಂಬು ಬಂತು. ಆಮೇಲೆ ಗಾಡಿಯಿಂದ ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಲ್ಲುವುದು ಶುರುವಾಯಿತು. ‘ಸೊಂಟದಿಂದ ಹೆಬ್ಬೆರಳ ತನಕ ಕಾದ ತಂತಿ ಎಳೆದ ಹಾಗೆ ಆಗ್ತದೆ’ ಎಂದು ಒಮ್ಮೆ ಹೇಳಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ, ಬೆನ್ನುಮೂಳೆಯ ನಡುವಿನ ಮೆತ್ತೆಯ ತುಣುಕೊಂದು ಹೊರಗೆ ಚಾಚಿ ಬಲಗಾಲಿನ ನರವನ್ನು ಅದುಮುತ್ತಿದೆ ಎಂದು ಗೊತ್ತಾಯಿತು. ಆ ಚಿತ್ರ ತಮ್ಮದೇ ಹೌದೋ, ಬೇರೆಯವರದು ಅದಲುಬದಲಾಗಿದೆಯೋ ಎಂದು ಮತ್ತೆ ಹೋಗಿ ವಿಚಾರಿಸಿ ಬಂದರು. ಊರಲ್ಲಿದ್ದ ಡಾಕ್ಟರುಗಳನ್ನೆಲ್ಲ ಕಂಡರು. ಹೆಚ್ಚು ಮಾತಾಡಿದವರನ್ನು ನಂಬಲಿಲ್ಲ. ನಗುತ್ತಾ ಮಾತಾಡಿದವರನ್ನಂತೂ ನಂಬಲೇ ಇಲ್ಲ. ಕೊನೆಗೆ ಎಲ್ಲರಿಗಿಂತ ಕಡಿಮೆ ಮಾತಿನ ಒಬ್ಬ ಶಸ್ತ್ರವೈದ್ಯರನ್ನು ಆರಿಸಿಕೊಂಡರು. ಆಪರೇಷನ್ ಮಾಡಿದರೆ ನೋವು ಹೋಗಬಹುದು, ಆದರೆ ಬಹಳ ದಿನ ಅದುಮಿಹೋದ ನರಕ್ಕೆ ಬಿಡಿಸುವಾಗ ಇನ್ನೂ ಸ್ವಲ್ಪ ಪೆಟ್ಟಾಗಬಹುದು, ಕಾಲು ದುರ್ಬಲವಾಗಬಹುದು ಎಂದು ಆ ಡಾಕ್ಟರು ಮೊದಲೇ ಹೇಳಿದ್ದರು. ಹೆಂಡತಿ ಬೇಡವೇ ಬೇಡ ಎಂದರು. ‘ಬೆನ್ನಿಗೆ ಕತ್ತಿ ಹಾಕಿಸಿಕೊಂಡು ನೆಟ್ಟಗಾದವರನ್ನು ನಾನು ನೋಡ್ಲಿಲ್ಲ’ ಎಂದು ಹಟ ಹಿಡಿದರು. ಇವರು ಕೇಳಲಿಲ್ಲ.

ಆಪರೇಷನ್ ಆಯಿತು. ನೋವು ಹೋಯಿತು. ನಾನು ಹಣ್ಣು ತೆಗೆದುಕೊಂಡು ನೋಡಲು ಹೋದಾಗ ಅವರು ಮಂಚದ ಮೇಲೆ ಒರಗಿ ಕೂತು ಡಾಕ್ಟರನ್ನು ಹೊಗಳುತ್ತಿದ್ದರು. ‘ಎಂತ ಕೈ ಮಾರಾಯ್ರೇ ಅವರದ್ದು! ನೋವೇ ಇಲ್ಲ. ಎಲ್ಲ ಸರಿ ಉಂಟು, ಫಸ್ಟ್ ಕ್ಲಾಸ್.’

ಎಲ್ಲ ಸರಿ ಉಂಟು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ.

ವಿಶ್ರಾಂತಿ ಮುಗಿಸಿ ಅವರು ಮತ್ತೆ ಗಾಡಿ ಓಡಿಸತೊಡಗಿದರು. ನಾನು ಮೊದಲಿನಂತೆ ಪಕ್ಕದ ಸೀಟಿನಲ್ಲಿ ಕೂತೆ. ಏನೋ ಬದಲಾಗಿತ್ತು. ಮೊದಲೆಲ್ಲ ಅವರು ಕಾರಿಡಾರಿನಲ್ಲಿ ಬರುವಾಗ ಸದ್ದೇ ಇರುತ್ತಿರಲಿಲ್ಲ. ಈಗ ಪ್ರತಿ ಎರಡನೇ ಹೆಜ್ಜೆಗೆ ಟೈಲ್ಸಿನ ಮೇಲೆ ಅಂಗೈ ಬಡಿದ ಹಾಗೆ ಟಪ್ ಎಂದು ಕೇಳುತ್ತಿತ್ತು. ಗಾಡಿ ಹತ್ತುವಾಗ ಬಲಗಾಲಿನ ಪ್ಯಾಂಟನ್ನು ಮೊಣಕಾಲ ಬಳಿ ಹಿಡಿದು ಎತ್ತಿ ಒಳಗಿಡುತ್ತಿದ್ದರು. ಓಡಿಸುವಾಗ ಆಗಾಗ ರಸ್ತೆ ಬಿಟ್ಟು ಕೆಳಗೆ ಕಾಲಿನ ಕಡೆ ನೋಡುತ್ತಿದ್ದರು. ಬ್ರೇಕು ಹಾಕಿದರೆ ಗಾಡಿ ಮುಗ್ಗರಿಸುತ್ತಿತ್ತು. ಇಷ್ಟು ವರ್ಷ ಅವರ ಗಾಡಿಯಲ್ಲಿ ನನ್ನ ಕೈಯಲ್ಲಿದ್ದ ಚಹಾದ ಲೋಟ ತುಳುಕಿದ್ದಿಲ್ಲ. ಈಗ ಚಹಾ ತರುವುದನ್ನೇ ಬಿಟ್ಟೆ.

ಕುಡಿದಿರಬಹುದೇ ಎಂದುಕೊಂಡು ಮೂಸಿ ನೋಡಿದೆ. ಇಲ್ಲ. ನೋವಿನ ಮಾತ್ರೆಯ ಮಂಪರು ಇರಬಹುದು, ಕಣ್ಣು ಮಂಜಾಗಿರಬಹುದು ಎಂದೆಲ್ಲ ಯೋಚಿಸಿದೆ. ಒಂದು ಶನಿವಾರ ಮಹಡಿಯ ಮೆಟ್ಟಿಲಿನಲ್ಲಿ ಒಂಟಿ ಚಪ್ಪಲಿ ಬಿದ್ದಿತ್ತು. ಗಂಡಸರ ಬಲಗಾಲಿನದು. ಎತ್ತಿಕೊಂಡು ಹೋದರೆ ಅವರು ಬಾಗಿಲಲ್ಲಿ ನಿಂತು ಬೀಗ ತೆಗೆಯುತ್ತಿದ್ದರು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.

‘ಸರ್, ನಿಮ್ಮ ಚಪ್ಪಲಿ.’

ಅವರು ಮೊದಲು ನನ್ನ ಕೈಯನ್ನು ನೋಡಿದರು, ಆಮೇಲೆ ತಮ್ಮ ಕಾಲನ್ನು. ಮುಖ ಬಿಳಿಚಿತು. ಕೂಡಲೇ, ‘ಪಟ್ಟಿ ಸಡಿಲ ಆಗಿತ್ತು. ಆಮೇಲೆ ತೆಗೆದುಕೊಳ್ಳುವ ಅಂತ ಬಿಟ್ಟೆ’ ಎಂದರು. ನಾನು ಕೊಡುವ ಮೊದಲು ಪಟ್ಟಿಯನ್ನು ಎಳೆದು ನೋಡಿದ್ದೆ. ಗಟ್ಟಿಯಾಗಿಯೇ ಇತ್ತು.

ಅದಾದ ಮುಂದಿನ ವಾರವೇ ಆ ಘಟನೆ ನಡೆಯಿತು. ಮಗುವಿನ ಶಾಲೆಯ ಕಡೆ ಹೋಗುವ ರಸ್ತೆಯ ಬದಿಯಲ್ಲಿ ಸಾಲಾಗಿ ಗಿಡ ಮಾರುವವರಿದ್ದಾರೆ. ಮುಂದಿದ್ದ ಮಟಾಟು, ಎಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ಯಾರನ್ನೋ ಇಳಿಸಲು ಥಟ್ಟನೆ ನಿಂತಿತು. ನಮ್ಮ ಗಾಡಿ ನಿಲ್ಲಲಿಲ್ಲ. ಅವರು ‘ಯೇಸುವೇ’ ಎಂದು ಕೂಗಿ ಸ್ಟಿಯರಿಂಗ್ ಎಳೆದರು. ಗಾಡಿ ಮಣ್ಣಿಗಿಳಿದು, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ನಿಲ್ಲಿಸಿದ್ದ ಸಸಿಗಳ ಮೇಲೆ ಹರಿದು, ಒಂದು ಗೊಬ್ಬರದ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಸಸಿಗಳಿಗೆ ನೀರು ಹಾಕುತ್ತಿದ್ದ ಹೆಂಗಸು ಕ್ಯಾನನ್ನು ಎಸೆದು ಪಕ್ಕಕ್ಕೆ ಹಾರಿದ್ದಳು. ಯಾರಿಗೂ ಏನೂ ಆಗಲಿಲ್ಲ. ನಾನು ತಿರುಗಿ ಮಗುವನ್ನು ನೋಡಿದೆ, ಬೆಲ್ಟಿನಲ್ಲಿ ಭದ್ರವಾಗಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಅಜ್ಜನನ್ನು.

‘ಗ್ರ್ಯಾಂಪಾ, ವಾಟ್ ಹ್ಯಾಪನ್ಡ್ ಟು ಯುವರ್ ಫುಟ್?’

ಅವರ ಬೂಟಿನ ತುದಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು. ಪಾದವನ್ನು ಮೇಲಕ್ಕೆ ಎತ್ತಲಾಗದೆ, ಎರಡೂ ಕೈಯಲ್ಲಿ ಮೀನಖಂಡ ಹಿಡಿದು ಹೊರಗೆಳೆಯುತ್ತಿದ್ದರು.

ಗಿಡದ ಹೆಂಗಸಿನ ಜೊತೆ, ನೆರೆದ ಜನರ ಜೊತೆ ಅವರು ಮಟಾಟುವನ್ನು ಬಯ್ದು ಮಾತಾಡಿದರು. ಎಲ್ಲರೂ ಒಪ್ಪಿದರು. ನೈರೋಬಿಯಲ್ಲಿ ಮಟಾಟುವಿನ ಮೇಲೆ ಹೇಳಿದ ದೂರನ್ನು ಯಾರು ತಾನೇ ನಂಬುವುದಿಲ್ಲ? ಮಗುವನ್ನು ಶಾಲೆಯಲ್ಲಿ ಇಳಿಸಿ ಕಚೇರಿಗೆ ಹೋಗುವ ತನಕ ನಾನು ಅವರ ಕಾಲುಗಳನ್ನೇ ನೋಡುತ್ತಾ ಬಂದೆ. ಅವರದು ಕ್ಲಚ್ಚಿಲ್ಲದ ಗಾಡಿ, ಬ್ರೇಕನ್ನು ಎಡಗಾಲಿನಲ್ಲಿ ಒತ್ತುತ್ತಿದ್ದರು. ಗಾಡಿ ಮುಗ್ಗರಿಸುತ್ತಿದ್ದುದು ಅದಕ್ಕೇ. ಗಾಬರಿಯಾದಾಗ ಮಾತ್ರ ಹಳೆಯ ಅಭ್ಯಾಸದಂತೆ ಬಲಗಾಲು ಹೊರಟಿರಬೇಕು.

ಗಾಡಿ ನಿಂತ ಮೇಲೆ ಕೇಳಿದೆ. ‘ಸರ್, ಬಲಗಾಲಿಗೆ ಏನಾಗಿದೆ?’

‘ಎಂತ ಆಗ್ಲಿಕ್ಕೆ? ಬೂಟು ಹೊಸತು. ಅಂಚು ದಪ್ಪ ಉಂಟು.’

‘ಈ ಬೂಟನ್ನ ನಾನು ಎರಡು ವರ್ಷದಿಂದ ನೋಡ್ತಿದ್ದೀನಿ.’

ಅವರು ನನ್ನತ್ತ ತಿರುಗಿದರು. ‘ನನ್ನ ಹಿಂದೆ ಪತ್ತೇದಾರಿ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ಅವಳಾ?’

‘ಆಂಟಿ ಏನೂ ಹೇಳಿಲ್ಲ. ಆ ಕಾಲಿಗೆ ಬ್ರೇಕು ಗೊತ್ತಾಗುತ್ತಾ ಸರ್?’

ಅವರು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

‘ನಾಳೆಯಿಂದ ನಾನು ಈ ಗಾಡೀಲಿ ಬರಲ್ಲ. ಮಗೂನೂ ಕೂರಿಸಬೇಡಿ. ಆಂಟಿಗೆ ನೀವು ಹೇಳ್ತೀರೋ, ನಾನು ಹೇಳಲೋ?’

‘ಹೇಳಿ ನೋಡಿ’ ಎಂದು ಬಾಗಿಲು ಬಡಿದು ಹೋದರು. ಆ ದೊಡ್ಡ ಪಾರ್ಕಿಂಗ್ ಜಾಗದ ಉದ್ದಕ್ಕೂ ಟಪ್, ಟಪ್ ಎಂದು ಕೇಳಿಸುತ್ತಾ ಹೋಯಿತು.

ಸಂಜೆ ಅವರು ಬರುವ ಮೊದಲೇ ಅವರ ಮನೆಗೆ ಹೋಗಿ ಹೇಳಿದೆ. ಅವರ ಹೆಂಡತಿ ಗೋಧಿಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು. ಗಾಬರಿಯಾಗಲಿಲ್ಲ. ತಾವೂ ಯಾವುದೋ ಅನುಮಾನದಲ್ಲಿದ್ದವರ ಹಾಗೆ ತಲೆಯಾಡಿಸಿದರು.

‘ಹೋದ ವಾರ ಪಾದದ ಮೇಲೆ ಇಷ್ಟು ದೊಡ್ಡ ಬೊಬ್ಬೆ ಎದ್ದಿತ್ತಮ್ಮ. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಸುಟ್ಟದ್ದು ಗೊತ್ತಾಗ್ಲಿಲ್ವಾ ಅಂತ ಕೇಳಿದ್ರೆ ಸೊಳ್ಳೆ ಕಚ್ಚಿದ್ದು ಅಂತ ಹೇಳಿದರು. ಸೊಳ್ಳೆ ಅಷ್ಟು ದೊಡ್ಡದು ಕಚ್ತದಾ?’ ಮತ್ತೆ ಹಿಟ್ಟು ನಾದತೊಡಗಿ, ‘ನಾನು ಬೇಡ ಅಂದ ಆಪರೇಷನ್ ಅಲ್ವಾ. ನನ್ನ ಎದುರು ಹೇಗೆ ಹೇಳ್ತಾರೆ?’ ಎಂದರು.

ಮರುದಿನದಿಂದ ಮಗು ಶಾಲೆಯ ಬಸ್ಸಿನಲ್ಲಿ ಹೋಗತೊಡಗಿದಳು. ಅವರು ನನ್ನೊಡನೆ ಮಾತು ಬಿಟ್ಟರು. ಗಾಡಿಯನ್ನು ಮಾತ್ರ ಬಿಡಲಿಲ್ಲ, ಒಬ್ಬರೇ ಓಡಿಸಿಕೊಂಡು ಹೋಗುತ್ತಿದ್ದರು. ಹೆಂಡತಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲವಂತೆ. ನಾನು ಅವರ ನಿವೃತ್ತಿಯನ್ನು ಬೇಗ ಮಾಡಿಸಲು ಹೊರಟಿದ್ದೇನೆ ಎಂದು ಕಚೇರಿಯಲ್ಲಿ ಒಬ್ಬರ ಬಳಿ ಹೇಳಿದರೆಂದು ಗೊತ್ತಾಯಿತು. ನಮ್ಮ ವಿಭಾಗದ ಬಾಗಿಲು ಪರೀಕ್ಷಿಸಲು ಬಂದವರು ಬಾಗಿಲಿನೊಡನೆಯೇ ಮಾತಾಡಿ ಹೋದರು: ‘ಇದು ಬಿಗಿ ಉಂಟು. ಎಣ್ಣೆ ಹಾಕಬೇಕು.’ ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ.

ಹೆಂಡತಿಯ ಒತ್ತಾಯಕ್ಕೆ ಫಿಸಿಯೋಥೆರಪಿಗೆ ಹೋಗತೊಡಗಿದರು. ತಿಂಗಳುಗಳು ಕಳೆದ ಮೇಲೆ ಪಾದ ಸ್ವಲ್ಪ ಮೇಲಕ್ಕೆ ಏಳತೊಡಗಿತು, ಹೆಜ್ಜೆಯ ಸದ್ದು ಕಡಿಮೆಯಾಯಿತು. ಆಮೇಲೊಂದು ದಿನ ಲಿಫ್ಟಿನಲ್ಲಿ ಸಿಕ್ಕ ಅವರ ಹೆಂಡತಿ, ‘ಡಾಕ್ಟರು ಪರೀಕ್ಷೆ ಮಾಡಿದರಂತೆ. ಸ್ಪರ್ಶ ಎಲ್ಲ ವಾಪಸು ಬಂದಿದೆಯಂತೆ. ನಿಧಾನ ಗಾಡಿ ಓಡಿಸ್ಬಹುದಂತೆ. ಸೋಮವಾರದಿಂದ ಮಗುವನ್ನು ಅವರೇ ಬಿಡ್ತಾರಂತೆ’ ಎಂದರು. ಪ್ರತಿ ಮಾತಿನ ಕೊನೆಗೂ ಬಂದ ಆ ‘ಅಂತೆ’ ನನ್ನ ಕಿವಿಗೆ ಬಿತ್ತು. ಡಾಕ್ಟರೇ ಹೇಳಿದ ಮೇಲೆ ನಾನು ಏನು ಹೇಳಲಿ? ಒಳ್ಳೆಯದಾಯಿತು ಆಂಟಿ ಎಂದೆ. ಮನಸ್ಸು ಒಪ್ಪಲಿಲ್ಲ.

ಈಗ ಅವರ ಬಲಗಾಲಿನ ಬೂಟಿನೊಳಗೆ ಪಾದ ಜೋತುಬೀಳದಂತೆ ಹಿಡಿಯುವ ಪ್ಲಾಸ್ಟಿಕ್ ಆಸರೆ ಇದೆ. ಸ್ಪರ್ಶ ಪೂರ್ತಿ ಬರಲಿಲ್ಲ. ಇನ್ನು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ದಿನವೂ ಮಲಗುವ ಮೊದಲು ಅವರು ಪಾದವನ್ನು ಕನ್ನಡಿ ಹಿಡಿದು ನೋಡಿಕೊಳ್ಳುತ್ತಾರೆ, ಗಾಯವಾಗಿದ್ದರೆ ಕಣ್ಣಿಗೇ ಗೊತ್ತಾಗಬೇಕು. ಗಾಡಿಯನ್ನು ಅವರ ಹೆಂಡತಿ ಓಡಿಸುತ್ತಾರೆ. ಆ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿ ಕಲಿತರು, ಚೆನ್ನಾಗಿಯೇ ಓಡಿಸುತ್ತಾರೆ. ಇದೆಲ್ಲ ಆದದ್ದು ಆ ಲಿಫ್ಟಿನ ಮಾತಿನ ನಂತರ ಬಂದ ಭಾನುವಾರದಿಂದ.

ಆ ಭಾನುವಾರ ಮಧ್ಯಾಹ್ನ ನನ್ನ ಫೋನಿಗೆ ಅವರ ಕರೆ ಬಂತು. ಅಷ್ಟು ತಿಂಗಳ ನಂತರ.

‘ಚರ್ಚಿನ ಹಿಂದೆ ಗಾಡಿ ನಿಲ್ಲಿಸುವ ಜಾಗ ಉಂಟಲ್ಲ, ಅಲ್ಲಿಗೆ ಬನ್ನಿ. ಯಾರಿಗೂ ಹೇಳ್ಬೇಡಿ’ ಎಂದು ಇಟ್ಟುಬಿಟ್ಟರು.

ಹೋಗಬೇಕೋ ಬೇಡವೋ ಎಂದು ಯೋಚಿಸಿದೆ. ಜಗಳಕ್ಕೆ ಕರೆದಿರಬಹುದು ಎನಿಸಿತು. ಗಂಡನಿಗೆ ಹೇಳಿಯೇ ಹೋದೆ. ಪ್ರಾರ್ಥನೆಗಳು ಮುಗಿದು ಜಾಗ ಖಾಲಿಯಾಗಿತ್ತು. ಜಕರಂಡಾ ಮರದ ಕೆಳಗೆ ಅವರ ಗಾಡಿ, ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಅವರು. ಬಲಗಾಲಿನ ಬೂಟು, ಕಾಲುಚೀಲ ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಬರಿಗಾಲು ಬಿಸಿಲಿನಲ್ಲಿ ಬಿಳಿಚಿ ಕಾಣುತ್ತಿತ್ತು, ಮೀನಖಂಡ ಸೊರಗಿತ್ತು.

‘ಕೂತ್ಕೊಳ್ಳಿ’ ಎಂದರು. ‘ಡಾಕ್ಟರಿಗೆ ನಾನು ಮೋಸ ಮಾಡಿದ್ದೇನೆ.’

ನಾನು ಕೂತೆ.

‘ಕಣ್ಣು ಮುಚ್ಚಿ ಅಂತ ಹೇಳಿ, ಹತ್ತಿಯಲ್ಲಿ ಬೆರಳು ಮುಟ್ಟಿದರು. ಯಾವ ಬೆರಳು ಅಂತ ನಾನು ಹೇಳ್ಬೇಕು. ಮೊದಲು ಎಡಗಾಲು. ಹೆಬ್ಬೆರಳಿಂದ ಶುರು ಮಾಡಿ ಸಾಲಾಗಿ ಹೋದರು. ಬಲಗಾಲಿಗೂ ಹಾಗೇ ಮಾಡ್ತಾರೆ ಅಂತ ಗೊತ್ತಾಯ್ತು. ಅವರ ಅಂಗಿಯ ತೋಳು ಸದ್ದು ಮಾಡ್ತಿತ್ತು. ಒಂದೊಂದು ಸಲ ಸದ್ದಾದಾಗ ಒಂದೊಂದು ಬೆರಳು ಹೇಳ್ತಾ ಹೋದೆ. ಪಾಸಾದೆ.’

‘ಯಾಕೆ ಸರ್?’

‘ಎಲ್ಲ ಸರಿ ಉಂಟು ಅಂತ ನಾನೇ ಹೇಳಿದ್ದಲ್ವಾ, ಮೊದಲ ದಿನದಿಂದ. ಅವಳಿಗೂ, ಮಗಳಿಗೂ, ಎಲ್ಲರಿಗೂ.’ ಪಾದದ ಕಡೆ ನೋಡಿದರು. ‘ನಿನ್ನೆ ಟಿವಿ ನೋಡುವಾಗ ಮಗು ನನ್ನ ಕಾಲ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಎದ್ದು ಹೋದಾಗ ಕೆಳಗೆ ನೋಡಿದೆ, ಪಾದ ಕೆಂಪಾಗಿತ್ತು. ಆಗಲೇ ಗೊತ್ತಾದದ್ದು. ನಾಳೆ ಅವಳು ಹಿಂದಿನ ಸೀಟಿನಲ್ಲಿ ಇರ್ತಾಳೆ.’

‘ಹಾಗಾದ್ರೆ ಓಡಿಸಬೇಡಿ. ಅಷ್ಟೇ ಅಲ್ವಾ?’

‘ಅಷ್ಟು ಸುಲಭ ಉಂಟಾ? ಇವತ್ತು ಬೆಳಿಗ್ಗೆ ಸ್ವಲ್ಪ ಗೊತ್ತಾಗ್ತದೆ ಅಂತ ಅನಿಸ್ತಾ ಉಂಟು. ಜುಮ್ ಅಂತದೆ. ನಿಜವಾ, ಭ್ರಮೆಯಾ? ಹೆಂಡತಿಯನ್ನು ಕೇಳಿದ್ರೆ ಅವಳು ಹೆದರಿ ಇಲ್ಲ ಅಂತಾಳೆ. ಮಗಳನ್ನು ಕೇಳಿದ್ರೆ ಪಾಪ ಅಂತ ಹೌದು ಅಂತಾಳೆ. ನೀವು ನನ್ನನ್ನು ನಂಬುದಿಲ್ಲ. ಅದಕ್ಕೇ ಕರೆದದ್ದು. ಮುಟ್ಟಿ ನೋಡಿ. ಸಾಲಾಗಿ ಮುಟ್ಬೇಡಿ.’

ನನಗೆ ಕೈ ಮುಂದೆ ಹೋಗಲಿಲ್ಲ. ಹಿರಿಯರ ಪಾದವನ್ನು ನಮಸ್ಕಾರ ಮಾಡುವಾಗ ಬಿಟ್ಟು ಬೇರೆ ಯಾವಾಗ ಮುಟ್ಟಿದ್ದೇನೆ? ಪರ್ಸಿನಿಂದ ಪೆನ್ನು ತೆಗೆದೆ. ಬಳೆಗಳು ಸದ್ದು ಮಾಡದಿರಲಿ ಎಂದು ಮೇಲಕ್ಕೆ ಸರಿಸಿಕೊಂಡೆ. ಅವರು ಕಣ್ಣು ಮುಚ್ಚಿದರು, ಅದರ ಮೇಲೆ ಅಂಗೈಯನ್ನೂ ಇಟ್ಟುಕೊಂಡರು, ತಮ್ಮನ್ನೇ ನಂಬದವರ ಹಾಗೆ.

ಪೆನ್ನಿನ ಮುಚ್ಚಳದಿಂದ ಕಿರುಬೆರಳನ್ನು ಮುಟ್ಟಿದೆ. ಅವರು ಕಾಯುತ್ತಿದ್ದರು. ಒತ್ತಿದೆ. ಕಾಯುತ್ತಲೇ ಇದ್ದರು. ಹೆಬ್ಬೆರಳನ್ನು ಮುಟ್ಟಿದೆ. ಪಾದದ ಮೇಲೆ ಗೆರೆ ಎಳೆದೆ.

‘ಶುರು ಮಾಡಿ’ ಎಂದರು.

ನಾನು ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟು ಸುಮ್ಮನೆ ಕೂತೆ. ಅಷ್ಟರಲ್ಲಿ ಅವರ ಮುಖ ಅರಳಿತು.

‘ಹೆಬ್ಬೆರಳು! ಈಗ ಮುಟ್ಟಿದ್ದು ಹೆಬ್ಬೆರಳು, ಅಲ್ವಾ? ಸರಿಯಾಗಿ ಗೊತ್ತಾಯ್ತು.’

‘ನಾನು ಮುಟ್ಟಲಿಲ್ಲ ಸರ್’ ಎಂದೆ. ‘ಮೊದಲು ಮುಟ್ಟಿದ್ದೆ, ಆಗ ನಿಮಗೆ ಗೊತ್ತಾಗ್ಲಿಲ್ಲ. ಈಗ ಮುಟ್ಟಲಿಲ್ಲ.’

ಅವರು ಅಂಗೈ ತೆಗೆದು ಕಣ್ಣು ಬಿಟ್ಟರು. ಪೆನ್ನು ನನ್ನ ಮಡಿಲಲ್ಲಿತ್ತು. ಅದನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದರು. ನಾನು ಕಣ್ಣು ತಪ್ಪಿಸಲಿಲ್ಲ.

‘ಈ ಸಲ ನಾನು ಊಹೆ ಮಾಡಿದ್ದಲ್ಲ’ ಎಂದರು ಕೊನೆಗೆ, ಬಹಳ ಮೆಲ್ಲಗೆ. ‘ಯಾರೋ ಮುಟ್ಟಿದ ಹಾಗೇ ಆಯ್ತು.’

‘ಗೊತ್ತು ಸರ್.’

ಅವರು ಕಾಲುಚೀಲ ಹಾಕಿಕೊಂಡರು. ಬೂಟು ಹಾಕುವಾಗ ಹೆಬ್ಬೆರಳು ಒಳಗೆ ಮಡಚಿಕೊಂಡಿದೆಯೇ ಎಂದು ಕೈ ಹಾಕಿ ನೋಡಿದರು. ಎದ್ದು, ಗಾಡಿಯ ಬಲಬದಿಗೆ ನಡೆದು ಹೋಗಿ ಬಾಗಿಲು ತೆಗೆದು, ಅಲ್ಲೇ ನಿಂತರು. ‘ನಿಮಗೆ ಲೈಸೆನ್ಸ್ ಉಂಟಲ್ಲ?’

‘ಇದೆ.’

ಅವರು ಗಾಡಿಯ ಮುಂದಿನಿಂದ ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತರು. ನಾನು ಓಡಿಸಿದೆ. ಅವರು ಪ್ರತಿ ತಿರುವಿನಲ್ಲೂ ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಮನೆಯ ಬಾಗಿಲು ತೆರೆದ ಅವರ ಹೆಂಡತಿ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ, ಮತ್ತೇನು ಅನಾಹುತವಾಯಿತೋ ಎಂಬಂತೆ ಎದೆಗೆ ಕೈಯಿಟ್ಟುಕೊಂಡರು. ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಕೊಂಕಣಿಯಲ್ಲಿ. ಅಂದು ಅವರು ಕನ್ನಡದಲ್ಲಿ ಹೇಳಿದರು, ನನಗೂ ಕೇಳಿಸಲಿ ಎಂದಿರಬೇಕು. ಅಥವಾ, ನಾಳೆ ಮಾತು ತಿರುಗಿಸಲು ತಮಗೇ ದಾರಿ ಇರದಿರಲಿ ಎಂದು.

‘ನಾಳೆ ಮಗು ಬಸ್ಸಿನಲ್ಲೇ ಹೋಗ್ಲಿ. ನಾನು ಇನ್ನು ಗಾಡಿ ಓಡಿಸುದಿಲ್ಲ. ಡಾಕ್ಟರ ಹತ್ರ ಹೋಗಿ ನಿಜ ಹೇಳ್ಬೇಕು, ನೀನೂ ಬಾ.’ ಬಾಗಿಲ ಚೌಕಟ್ಟು ಹಿಡಿದು, ಬಲಗಾಲನ್ನು ನೋಡಿಕೊಂಡು ಹೊಸಿಲು ದಾಟಿಸಿದರು. ‘ಈ ಕಾಲು ನನಗೇ ಸುಳ್ಳು ಹೇಳ್ತದೆ.’